ಹುಳುಕಡ್ಡಿ ಮತ್ತು ಆ ಒಂದು ಟ್ಯೂಬ್

ಮಳೆಗಾಲದಲ್ಲಿ ಸೊಂಟದ ಹತ್ತಿರ ಒಂದು ಉಂಗುರ ಎದ್ದಿತು. ಕೆಂಪಗೆ, ದುಂಡಗೆ, ರಾತ್ರಿಯಾದರೆ ವಿಪರೀತ ತುರಿಕೆ. ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ಮಾಯ! ಖುಷಿಯಾಗಿ ನಿಲ್ಲಿಸಿದೆ. ವಾರಕ್ಕೆ ಮತ್ತೆ ಬಂತು, ಈ ಸಲ ತೊಡೆಗೂ ಹಬ್ಬಿತು. ಹೀಗೇ ಮೂರು ತಿಂಗಳು.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಕಲೆ ನೋಡುವ ಮೊದಲೇ ಅವರು ಕೇಳಿದ್ದು, "ಏನು ಹಚ್ಚಿದ್ರಿ, ಟ್ಯೂಬ್ ತಂದಿದ್ದೀರಾ?" ಅಂತ. ಅದರಲ್ಲಿ ಕ್ಲೋಬೆಟಸಾಲ್ ಇತ್ತು, ಅಂದರೆ ಬಲು ಜೋರಾದ ಸ್ಟೀರಾಯ್ಡ್. ಅದು ತುರಿಕೆ ಅಡಗಿಸುತ್ತದೆ ನಿಜ, ಆದರೆ ಹುಳುಕಡ್ಡಿ ತರುವ ಫಂಗಸ್ ಜೊತೆ ಹೋರಾಡುವ ಚರ್ಮದ ಶಕ್ತಿಯನ್ನೂ ಕುಗ್ಗಿಸುತ್ತದೆ, ಹಾಗಾಗಿ ಮೇಲೆ ವಾಸಿಯಾದಂತೆ ಕಂಡರೂ ಫಂಗಸ್ ಆರಾಮಾಗಿ ಬೆಳೆಯುತ್ತಿರುತ್ತದೆ. ತೊಡೆಸಂದಿಯಲ್ಲಿ ಬಿಳಿ ಗೆರೆ ಬಿದ್ದಿದ್ದೂ ಅದರಿಂದಲೇ. ಆ ಗೆರೆ ಇನ್ನೂ ಹೋಗಿಲ್ಲ. 2018ರಿಂದ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಅಂಗಡಿಗೆ ಹೋಗುತ್ತಿದ್ದೆ ಬಿಡಿ.

ಉಂಗುರದ ಅಂಚನ್ನು ಸ್ವಲ್ಪ ಹೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಾತ್ರೆ, ಬೇರೆ ಕ್ರೀಮು. ಉಂಗುರದ ಆಚೆಗೂ ಒಂದು ಬೆರಳಗಲ ಹಚ್ಚಬೇಕು, ಕಲೆ ಹೋಯಿತು ಅಂತ ನಾವೇ ನಿಲ್ಲಿಸುವಂತಿಲ್ಲ. ನನ್ನ ಟವೆಲ್ ಪ್ರತ್ಯೇಕ ಇಡಬೇಕು, ಬಿಗಿ ಜೀನ್ಸ್ ಬೇಡ. ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯಾ ಅಂತಲೂ ಕೇಳಿದರು. ಅಮ್ಮನ ಕೈ ಮೇಲೆ ಒಂದು ಉಂಗುರ ಇತ್ತು, ಸುಮ್ನೆ ಬೆವರುಸಾಲೆ ಅಂದುಕೊಂಡು ಅದೇ ಟ್ಯೂಬ್ ಹಚ್ಚುತ್ತಿದ್ದರು.