ದಡದಲ್ಲಿ ನಿಂತ ಅಣ್ಣ

ಐರ್ಲೆಂಡಿನ ಡಬ್ಲಿನ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಸ್ಕೂಲ್ ಮಕ್ಕಳು, ಕೋಲು ಹಿಡಿದ ಅಜ್ಜಂದಿರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗರು, ಎಲ್ಲರೂ. ಮಧ್ಯದ ಬಾಗಿಲಿನಿಂದ ಇಳಿಯುವವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಮಳೆ ಸುರಿಯುತ್ತಿರಲಿ, ಬಸ್ಸು ಅರ್ಧ ಗಂಟೆ ತಡವಾಗಿ ಬಂದಿರಲಿ, ಆ ಮಾತು ತಪ್ಪುವುದಿಲ್ಲ.

ನಾನು ಇಲ್ಲಿಗೆ ಬಂದಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಬಂದ ಮೂರನೇ ದಿನ ಬಸ್ ಹತ್ತಿ ಇಪ್ಪತ್ತು ಯೂರೋ ನೋಟು ಚಾಚಿದೆ. ಇಲ್ಲಿ ಬಸ್ಸಿನಲ್ಲಿ ನೋಟು ತಗೊಳ್ಳೋದಿಲ್ಲ. ಕಾರ್ಡ್ ಇರಬೇಕು, ಇಲ್ಲದಿದ್ದರೆ ಡಬ್ಬಿಗೆ ನಾಣ್ಯ ಹಾಕಬೇಕು, ಚಿಲ್ಲರೆ ವಾಪಸ್ ಕೊಡೋದಿಲ್ಲ. ನನಗೆ ಇದೊಂದೂ ಗೊತ್ತಿರಲಿಲ್ಲ. ಹಿಂದೆ ಐದಾರು ಜನ ಮಳೆಯಲ್ಲಿ ನಿಂತಿದ್ದರು, ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟರಲ್ಲಿ ಹಿಂದಿದ್ದ ಹೆಂಗಸೊಬ್ಬರು ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಪರ್ಸಿನಿಂದ ನಾಣ್ಯ ತೆಗೆದು ಡಬ್ಬಿಗೆ ಸುರಿದರು. ನಾನು ಏನೋ ಹೇಳಲು ಹೋದೆ. 'ಯೂ ಆರ್ ಗ್ರ್ಯಾಂಡ್' ಅಂದರು, ಮೇಲಿನ ಮಹಡಿ ಹತ್ತಿ ಹೋಗಿಬಿಟ್ಟರು. ಗ್ರ್ಯಾಂಡ್ ಅಂದರೆ ಇಲ್ಲಿ ಅದ್ಧೂರಿ ಅಂತ ಅಲ್ಲ. ನಮ್ಮ 'ಪರವಾಗಿಲ್ಲ ಬಿಡು' ಇದೆಯಲ್ಲ, ಅದು.

ಐರಿಷ್ ಭಾಷೆಯಲ್ಲಿ ಥ್ಯಾಂಕ್ಸ್‌ಗೆ ಒಂದು ಚೆಂದದ ಮಾತಿದೆ. ಅದನ್ನು ಬಿಡಿಸಿ ನೋಡಿದರೆ 'ನಿನ್ನ ಬಳಿ ಒಳ್ಳೆಯದಿರಲಿ' ಅಂತ ಅರ್ಥ. ಮೊದಲ ಸಲ ಕೇಳಿದಾಗ ನಮ್ಮ ಅಜ್ಜಿ ನೆನಪಾದಳು. ಅವಳೂ ಯಾರಿಗೂ ಧನ್ಯವಾದ ಅಂದವಳಲ್ಲ, ನೀರು ತಂದುಕೊಟ್ಟರೂ 'ಒಳ್ಳೇದಾಗ್ಲಿ ಮಗಾ' ಅನ್ನುತ್ತಿದ್ದಳು. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿಯೇ ಇಲ್ಲ, ಅಲ್ವಾ? ಹೇಳಿದರೆ ಹೊರಗಿನವರ ಥರ ಆಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಇದನ್ನೆಲ್ಲ ಬರೆಯೋಕೆ ಕಾರಣ ಒಂದು ಸಿನಿಮಾ. ಅದನ್ನು ತೋರಿಸಿದ್ದು ಪಕ್ಕದ ಮನೆಯವರು.

ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಒಬ್ಬರೇ ಇದ್ದಾರೆ. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು ನಮ್ಮವು. ಮೊದಲ ಆರು ತಿಂಗಳು ನಾವು ಮಾತಾಡಿದ್ದು ಮಳೆಯ ಬಗ್ಗೆ ಮಾತ್ರ. ಆದರೆ ಕಸದ ಗಾಡಿ ಬರುವ ಹಿಂದಿನ ರಾತ್ರಿ ನಾನು ಮರೆತಿದ್ದರೆ ಬೆಳಿಗ್ಗೆ ನನ್ನ ಡಬ್ಬ ರಸ್ತೆ ಬದಿಗೆ ಬಂದು ನಿಂತಿರುತ್ತಿತ್ತು. ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಖಾಲಿ ಡಬ್ಬ ಗೇಟಿನ ಒಳಗೆ. ಯಾರು ಮಾಡ್ತಾರೆ ಅಂತ ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯಿತು.

2018ರ ಮಾರ್ಚ್ ಶುರುವಿನಲ್ಲಿ ದೊಡ್ಡ ಹಿಮಗಾಳಿ ಬಂತು. ದೇಶಕ್ಕೆಲ್ಲ ರೆಡ್ ವಾರ್ನಿಂಗ್, ಬಸ್ಸಿಲ್ಲ, ರೈಲಿಲ್ಲ. ಅಂಗಡಿಗಳಲ್ಲಿ ಬ್ರೆಡ್ ಇಟ್ಟಿದ್ದ ಕಪಾಟುಗಳು ಒಂದೇ ದಿನಕ್ಕೆ ಖಾಲಿಯಾದವು. ಆ ದಿನ ಅಜ್ಜಿ (ಇಲ್ಲಿ ಅವರನ್ನು ಹಾಗೇ ಕರೆಯುತ್ತೇನೆ) ಬಾಗಿಲು ತಟ್ಟಿ, ಬಟ್ಟೆಯಲ್ಲಿ ಸುತ್ತಿದ ಅರ್ಧ ಬ್ರೆಡ್ ಕೊಟ್ಟರು. ಈಗಷ್ಟೇ ಒಲೆಯಿಂದ ತೆಗೆದದ್ದು, ಇನ್ನೂ ಬಿಸಿ. ಇಲ್ಲಿನ ಈ ಕಂದು ಬ್ರೆಡ್ಡಿಗೆ ಯೀಸ್ಟ್ ಹಾಕುವುದಿಲ್ಲ, ಮಜ್ಜಿಗೆ ಮತ್ತು ಸೋಡಾ ಹಾಕಿ ಕಲಸುತ್ತಾರೆ. ಮಜ್ಜಿಗೆ ಅಂದ ಕೂಡಲೇ ನನಗೆ ಅವರು ನಮ್ಮ ಕಡೆಯವರೇ ಅನ್ನಿಸಿಬಿಟ್ಟಿತು. ತಿಂದ ಮೇಲೆ ಆ ಬಟ್ಟೆಯನ್ನು ಖಾಲಿ ಕೊಡೋದು ಹೇಗೆ? ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಕಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಅಮ್ಮ ಕೊಟ್ಟು ಕಳಿಸಿದ್ದ ಕೋಡುಬಳೆಯಲ್ಲಿ ಕೊನೆಯ ಆರು ಉಳಿದಿದ್ದವು, ಅದನ್ನೇ ಕಟ್ಟಿಕೊಟ್ಟೆ. ಅವರು ಚಹಾದ ಜೊತೆ ಕಟುಮ್ ಕಟುಮ್ ಅಂತ ಕಡಿದು, ಇದನ್ನು ಮಾಡೋದು ಹೇಗೆ ಅಂತ ಕೇಳಿದರು. ಆ ಬಟ್ಟೆ ಇವತ್ತಿಗೂ ನಮ್ಮಿಬ್ಬರ ಮನೆ ನಡುವೆ ಓಡಾಡುತ್ತಲೇ ಇದೆ.

ಹೋದ ನವೆಂಬರ್‌ನ ಒಂದು ಶನಿವಾರ. ನಾಲ್ಕೂವರೆಗೇ ಕತ್ತಲು. ಸಂಜೆ ಅಜ್ಜಿ ಕರೆದರು, ಟೀವಿಯಲ್ಲಿ ಒಂದು ಸಿನಿಮಾ ಬರ್ತಿದೆ, ನೀನು ನೋಡಲೇಬೇಕು, ಇದು ನಮ್ಮ ಕಾಲದ ಡಬ್ಲಿನ್ ಅಂತ. 2016ರ 'ಸಿಂಗ್ ಸ್ಟ್ರೀಟ್'. ಜಾನ್ ಕಾರ್ನಿ ನಿರ್ದೇಶನ. ಆ ಹೆಸರಿನ ರಸ್ತೆ ನಿಜವಾಗಿಯೂ ಇಲ್ಲಿದೆ, ಅಲ್ಲಿನ ಶಾಲೆಯೂ ನಿಜದ್ದು, ನಿರ್ದೇಶಕರು ಹುಡುಗನಾಗಿದ್ದಾಗ ಅಲ್ಲೇ ಓದಿದವರು. ನಾಟಕಕಾರ ಬರ್ನಾರ್ಡ್ ಷಾ 1856ರಲ್ಲಿ ಹುಟ್ಟಿದ್ದೂ ಅದೇ ರಸ್ತೆಯ 33ನೇ ನಂಬರ್ ಮನೆಯಲ್ಲಿ. ರಸ್ತೆಯ ಹೆಸರು ಬರೆಯುವ ರೀತಿ ಬೇರೆ, ಆದರೆ ಬಾಯಲ್ಲಿ ಹೇಳಿದರೆ 'ಹಾಡು' ಅನ್ನುವ ಇಂಗ್ಲಿಷ್ ಪದದ ಥರವೇ ಕೇಳುತ್ತದೆ. ಸಿನಿಮಾದ ಹುಡುಗರು ತಮ್ಮ ಬ್ಯಾಂಡಿಗೆ ಹೆಸರಿಟ್ಟುಕೊಂಡಿದ್ದು ಹೀಗೆ.

ಕಥೆ ನಡೆಯುವುದು 1985ರಲ್ಲಿ. ಆಗ ಐರ್ಲೆಂಡ್ ಇವತ್ತಿನ ಹಾಗೆ ಇರಲಿಲ್ಲ. ದುಡಿಯಲು ಸಿದ್ಧರಿದ್ದವರಲ್ಲಿ ನೂರಕ್ಕೆ ಸುಮಾರು ಹದಿನೇಳು ಜನಕ್ಕೆ ಕೆಲಸ ಇರಲಿಲ್ಲ, ವಯಸ್ಸಿನ ಹುಡುಗ ಹುಡುಗಿಯರು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿದ್ದರು. ಕಾನರ್ ಅಂತ ಒಬ್ಬ ಹುಡುಗ. ಮನೆಯಲ್ಲಿ ದುಡ್ಡಿಲ್ಲ ಅಂತ ಒಳ್ಳೆಯ ಶಾಲೆ ಬಿಡಿಸಿ ಈ ಶಾಲೆಗೆ ಹಾಕುತ್ತಾರೆ. ಇಲ್ಲಿ ಕಪ್ಪು ಶೂ ಮಾತ್ರ ಹಾಕಬೇಕು, ಅವನ ಹತ್ತಿರ ಇರುವುದು ಕಂದು ಶೂ. ಹೊಸದು ಕೊಳ್ಳಲು ಹಣವಿಲ್ಲ. ಹೆಡ್‌ಮಾಸ್ಟರ್ ಶೂ ಬಿಚ್ಚಿಸುತ್ತಾರೆ, ಹುಡುಗ ಬರೀ ಕಾಲುಚೀಲದಲ್ಲಿ ಓಡಾಡುತ್ತಾನೆ. ಅಪ್ಪ ಅಮ್ಮನ ಜಗಳ ಬೇರೆ. ಅವರಿಗೆ ವಿಚ್ಛೇದನ ತಗೊಳ್ಳಲೂ ಆಗುವುದಿಲ್ಲ, ಆ ಕಾಲದಲ್ಲಿ ಇಲ್ಲಿ ಕಾನೂನೇ ಇರಲಿಲ್ಲ. 1995ರಲ್ಲಿ ಜನರೇ ಮತ ಹಾಕಿ ಅದನ್ನು ತಂದರು, ಅದೂ ಸುಮಾರು ಒಂಬತ್ತು ಸಾವಿರ ಮತಗಳ ಅಂತರದಲ್ಲಿ. 'ನಾನೂ ಹೌದು ಅಂತಲೇ ಹಾಕಿದ್ದೆ, ಅಮ್ಮನಿಗೆ ಮಾತ್ರ ಹೇಳಲಿಲ್ಲ' ಅಂದರು ಅಜ್ಜಿ, ಕಣ್ಣು ಟೀವಿ ಮೇಲೇ ಇತ್ತು.

ಶಾಲೆಯ ಎದುರು ನಿಂತಿರುವ ಹುಡುಗಿಯೊಬ್ಬಳಿಗೆ ಕಾನರ್, ನಮ್ಮ ಬ್ಯಾಂಡಿನ ವಿಡಿಯೋದಲ್ಲಿ ನಟಿಸ್ತೀಯಾ ಅಂತ ಕೇಳುತ್ತಾನೆ. ಅವಳು ಒಪ್ಪಿಕೊಳ್ಳುತ್ತಾಳೆ. ಬ್ಯಾಂಡೇ ಇಲ್ಲ! ಇನ್ನು ಕಟ್ಟಲೇಬೇಕು. ಅಲ್ಲಿಂದ ಮುಂದೆ ಸಿನಿಮಾ ಓಡುತ್ತದೆ. ನನಗೆ ತುಂಬಾ ಹಿಡಿಸಿದ್ದು ಆ ಪ್ರೇಮಕಥೆಗಿಂತ ಜಾಸ್ತಿ ಸುತ್ತಮುತ್ತಲ ಚಿಕ್ಕ ಚಿಕ್ಕ ಸಂಗತಿಗಳು. ಏಮನ್ ಅಂತ ಒಬ್ಬ ಹುಡುಗ, ಮೊಲ ಸಾಕಿಕೊಂಡಿದ್ದಾನೆ, ಎಲ್ಲ ವಾದ್ಯ ನುಡಿಸುತ್ತಾನೆ. ಕಾನರ್ ಯಾವಾಗ ಬಂದು ಹಾಡು ಬರೆಯೋಣವಾ ಅಂದರೂ ಅವನು ರೆಡಿ. ಒಂದು ಸಲವೂ ಈಗ ಆಗಲ್ಲ ಅನ್ನುವುದಿಲ್ಲ. ಅಂಥ ಗೆಳೆಯ ಒಬ್ಬ ಸಿಕ್ಕರೆ ಸಾಕಲ್ವಾ ಆ ವಯಸ್ಸಿನಲ್ಲಿ? ಇನ್ನೊಬ್ಬ ಬ್ಯಾರಿ. ಕಾನರ್‌ನನ್ನು ಶಾಲೆಯಲ್ಲಿ ಹೊಡೆದು ಬಡಿದು ಗೋಳು ಹೊಯ್ದುಕೊಂಡವನು. ಅವನ ಮನೆಯಲ್ಲಿ ಅವನಿಗೂ ಪೆಟ್ಟೇ. ಕೊನೆಗೆ ಕಾನರ್ ಅವನ ಮನೆಗೇ ಹೋಗಿ, ನಮ್ಮ ಬ್ಯಾಂಡಿನ ಸಾಮಾನು ಹೊರೋಕೆ, ನಮ್ಮನ್ನು ಕಾಯೋಕೆ ಬರ್ತೀಯಾ ಅಂತ ಕೆಲಸ ಕೊಡುತ್ತಾನೆ. ಆ ಹುಡುಗನ ಮುಖ ಆಗ ಹೇಗಾಗುತ್ತದೆ ನೋಡಿ.

ಆದರೆ ಸಿನಿಮಾ ನನ್ನ ಪಾಲಿಗೆ ಬ್ರೆಂಡನ್‌ನದು. ಕಾನರ್‌ನ ಅಣ್ಣ. ಜ್ಯಾಕ್ ರೇನರ್ ಆ ಪಾತ್ರ ಮಾಡಿದ್ದಾರೆ. ಕಾಲೇಜು ಬಿಟ್ಟವನು, ರೂಮಿನಲ್ಲೇ ಕೂತಿರುತ್ತಾನೆ, ಸುತ್ತ ರೆಕಾರ್ಡ್‌ಗಳು. ತಮ್ಮ ಹಾಡು ತಂದು ಕೇಳಿಸಿದರೆ ಇದು ನಿನ್ನದಲ್ಲ, ಬೇರೆಯವರದನ್ನು ನಕಲು ಮಾಡಿದ್ದೀಯ, ಬಿಸಾಕು ಅನ್ನುತ್ತಾನೆ. ಒಂದೊಂದೇ ರೆಕಾರ್ಡ್ ಕೊಟ್ಟು, ಇದನ್ನು ಕೇಳು, ಇವತ್ತಿಗೆ ಇದೇ ಪಾಠ ಅಂತ ಕಳಿಸುತ್ತಾನೆ. ಒಂದು ದೃಶ್ಯದಲ್ಲಿ ಇಬ್ಬರೂ ಕಿಟಕಿಯಿಂದ ಅಮ್ಮನನ್ನು ನೋಡುತ್ತಾರೆ. ಅವಳು ಕೆಲಸದಿಂದ ಓಡಿ ಬಂದು ಹಿಂದಿನ ಮೆಟ್ಟಿಲ ಮೇಲೆ ಕೂತು ಸಂಜೆಯ ಕೊನೆಯ ಬಿಸಿಲು ಕಾಯಿಸುತ್ತಿದ್ದಾಳೆ. ಸೂರ್ಯ ಮರದ ಹಿಂದೆ ಹೋಗುವವರೆಗೆ ಅಷ್ಟೇ. ಸ್ಪೇನ್‌ಗೆ ಹೋಗಬೇಕು ಅಂತ ಅವಳಿಗೆ ಯಾವತ್ತಿನ ಆಸೆ. ನಮ್ಮಮ್ಮನೂ ಹಾಗೇ, ಮಧ್ಯಾಹ್ನದ ಪಾತ್ರೆ ತೊಳೆದು ಜಗುಲಿಗೆ ಬಂದು ಹತ್ತು ನಿಮಿಷ ಸುಮ್ನೆ ಕೂರುತ್ತಿದ್ದಳು. ಎಲ್ಲಿಗೆ ಹೋಗಬೇಕು ಅಂತ ಆಸೆಯಿತ್ತೋ ನಾವು ಯಾರೂ ಕೇಳಲಿಲ್ಲ.

ಒಂದು ಹಂತದಲ್ಲಿ ಬ್ರೆಂಡನ್ ಸಿಡಿಯುತ್ತಾನೆ. ಈ ಮನೆಯ ಕಾಡು ಕಡಿದು ದಾರಿ ಮಾಡಿದ್ದು ನಾನು, ನೀನು ಆ ದಾರಿಯಲ್ಲಿ ಆರಾಮಾಗಿ ನಡೆದು ಬಂದೆ ಅನ್ನುವ ಅರ್ಥದ ಮಾತು. ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

ನಮ್ಮದು ಮಲೆನಾಡಿನ ಸಾಗರದ ಹತ್ತಿರ ಹಳ್ಳಿ. ಅಪ್ಪನಿಗೆ ಲಕ್ವ ಹೊಡೆದಾಗ ಅಣ್ಣ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ನಾನು ಒಂಬತ್ತನೇ ಕ್ಲಾಸು. ಅವನು ಪುಸ್ತಕದ ಚೀಲ ಹೊತ್ತುಕೊಂಡು ಮನೆಗೆ ಬಂದ, ಮಾರನೇ ದಿನ ತೋಟಕ್ಕೆ ಇಳಿದ. ಅಷ್ಟೇ, ಅದರ ಬಗ್ಗೆ ಮನೆಯಲ್ಲಿ ದೊಡ್ಡ ಮಾತುಕತೆಯೂ ಆಗಲಿಲ್ಲ. ನಾನು ಮೈಸೂರಿಗೆ ಇಂಜಿನಿಯರಿಂಗ್ ಓದಲು ಹೊರಟಾಗ ಹಾಸ್ಟೆಲ್ ಫೀಸಿಗೆ ಅವನ ಬೈಕ್ ಹೋಯಿತು. ಡಬ್ಲಿನ್‌ಗೆ ಹೊರಟಾಗ ಗೆಳೆಯನ ಓಮ್ನಿಯಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಕರೆದುಕೊಂಡು ಬಂದು, ಏರ್‌ಪೋರ್ಟ್ ಗಾಜಿನ ಆಚೆ ನಿಂತಿದ್ದ. ನಾನು ಒಳಗೆ ಹೋದ ಮೇಲೂ ವಿಮಾನ ಹಾರುವವರೆಗೆ ಅಲ್ಲೇ ನಿಂತಿದ್ದನಂತೆ, ಅಮ್ಮ ಹೇಳಿದ್ದು. ಅಣ್ಣ ಬ್ರೆಂಡನ್ ಹಾಗೆ ಒಂದು ದಿನವೂ ಸಿಡಿದಿಲ್ಲ. ಅವನು ಸಿಡಿಯಲಿಲ್ಲ ಅಂತಲೇ ನಾನು ಆ ಬಗ್ಗೆ ಯಾವತ್ತೂ ಕೂತು ಯೋಚಿಸಲಿಲ್ಲ.

ಕೊನೆ ಹೇಳಿಬಿಡುತ್ತೇನೆ, ನೋಡಬೇಕು ಅಂತಿರುವವರು ಈ ಪ್ಯಾರಾ ಬಿಡಿ. ಕಾನರ್ ಮತ್ತು ಆ ಹುಡುಗಿ, ರಫೀನಾ, ಲಂಡನ್ನಿಗೆ ಹೊರಡುತ್ತಾರೆ, ಕಾನರ್‌ನ ಅಜ್ಜನ ಪುಟ್ಟ ಮೋಟಾರು ದೋಣಿಯಲ್ಲಿ, ಸಮುದ್ರ ದಾಟಿ. ಅವರನ್ನು ಡಬ್ಲಿನ್‌ನ ಕಡಲತಡಿಯ ಡಾಲ್ಕಿಗೆ ಕಾರಿನಲ್ಲಿ ಬಿಡುವುದು ಬ್ರೆಂಡನ್. ದೋಣಿ ದೂರ ಆದಮೇಲೆ ಅವನು ದಡದಲ್ಲಿ ಒಬ್ಬನೇ ಖುಷಿಯಿಂದ ಕುಣಿಯುತ್ತಾನೆ. ತಾನು ಹೋಗಿದ್ದರೂ ಅಷ್ಟು ಖುಷಿಪಡುತ್ತಿದ್ದನೋ ಇಲ್ಲವೋ. ಆಮೇಲೆ ಮಳೆ, ಅಲೆ, ಮುಂದೆ ದೊಡ್ಡ ಹಡಗು, ಅದರ ಹಿಂದೆ ಈ ಪುಟ್ಟ ದೋಣಿ. ಎಲ್ಲ ಕಡೆಯ ಅಣ್ಣತಮ್ಮಂದಿರಿಗೆ ಅಂತ ಸಿನಿಮಾವನ್ನು ಅರ್ಪಿಸಿದ್ದಾರೆ.

ಅಜ್ಜಿ ಟೀವಿ ಆರಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು. ಅವರ ತಮ್ಮ 1986ರಲ್ಲಿ ಡನ್‌ಲೇರಿ ಬಂದರಿನಿಂದ ಹಡಗು ಹತ್ತಿದ, ಅಲ್ಲಿಂದ ವೇಲ್ಸ್‌ನ ಹಾಲಿಹೆಡ್, ಅಲ್ಲಿಂದ ರೈಲಿನಲ್ಲಿ ಲಂಡನ್. ಇವರು ಬಂದರಿನ ಕಟ್ಟೆಯ ತುದಿಯವರೆಗೂ ನಡೆದು ಹೋಗಿ ಕೈ ಬೀಸಿದರಂತೆ. ಅವನಿಗೆ ಕಂಡಿತೋ ಇಲ್ಲವೋ ಇವತ್ತಿಗೂ ಕೇಳಿಲ್ಲವಂತೆ. 'ನಿಮಗೂ ಹೋಗಬೇಕು ಅನ್ನಿಸಲಿಲ್ವಾ?' ಅಂದೆ. 'ಅನ್ನಿಸಿತ್ತು. ಅಮ್ಮ ಇದ್ದಳಲ್ಲ' ಅಂದರು. ಎದ್ದು ಕೆಟಲ್‌ಗೆ ನೀರು ತುಂಬಿಸಿ, ಇನ್ನೊಂದು ಕಪ್ ಚಹಾ ಕುಡೀತೀಯಾ ಅಂತ ಕೇಳಿದರು. ನಾನು ಬೇಡ ಅಂದೆ. ಅವರು ಮತ್ತೆ ಕೇಳಿದರು. ಇಲ್ಲೂ ನಮ್ಮ ಹಾಗೇ, ಮೊದಲ 'ಬೇಡ' ಲೆಕ್ಕಕ್ಕಿಲ್ಲ.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅಣ್ಣನಿಗೆ ಫೋನ್ ಮಾಡಿದೆ. ಅಡಿಕೆಯ ಕೊನೆಕೊಯ್ಲಿನ ಕಾಲ, ಹಿಂದೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರ ಮಾತು, ಗೊನೆ ದೊಪ್ಪೆಂದು ಬೀಳುವ ಸದ್ದು ಕೇಳುತ್ತಿತ್ತು. ಥ್ಯಾಂಕ್ಸ್ ಹೇಳಬೇಕು ಅಂತ ರಾತ್ರಿಯೆಲ್ಲ ಅಂದುಕೊಂಡಿದ್ದೆ. ದಿನಕ್ಕೆ ಎರಡು ಸಲ ಗುರುತಿಲ್ಲದ ಡ್ರೈವರ್‌ಗೆ ಹೇಳುವ ಮಾತು ಅಣ್ಣನ ಹತ್ತಿರ ಬಾಯಿಗೇ ಬರಲಿಲ್ಲ. ಬದಲಿಗೆ ಸಿನಿಮಾ ಕಥೆ ಹೇಳಿದೆ. ಶೂ, ಮೊಲ, ಅಮ್ಮನ ಬಿಸಿಲು, ಬ್ಯಾರಿ, ದಡದಲ್ಲಿ ಕುಣಿಯುವ ಅಣ್ಣ, ಎಲ್ಲ. ಅವನು ಮಧ್ಯೆ ಒಂದು ಸಲವೂ ಹ್ಞೂಂ ಅನ್ನಲಿಲ್ಲ, ಫೋನ್ ಕಟ್ ಆಯಿತೇನೋ ಅಂದುಕೊಂಡೆ.

'ಆ ದೋಣಿ ಆಚೆ ತಲುಪ್ತಾ?' ಅಂತ ಕೇಳಿದ.

'ಅದನ್ನ ತೋರಿಸಲ್ಲ ಅಣ್ಣ.'

'ತಲುಪಿರ್ತಾರೆ ಬಿಡು ಮಾರಾಯ್ತಿ' ಅಂದ. ಆಮೇಲೆ ಕೊನೆಗೌಡರಿಗೆ ಊಟಕ್ಕೆ ಹೊತ್ತಾಯಿತು, ಇಡ್ತೀನಿ ಅಂದ.