ಬಿಟ್ಟು ಹೋದವರು ಯಾರು?

ನನ್ನ ಆಲ್ಬಮ್ ಕೇಳಿದವರು ಮೊದಲು ಹಾಡುಗಳ ಬಗ್ಗೆ ಎರಡು ಒಳ್ಳೆಯ ಮಾತು ಆಡುತ್ತಾರೆ. ಆಮೇಲೆ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳುತ್ತಾರೆ: "ಬಿಟ್ಟು ಹೋದವರು ಯಾರು? ನೀವಾ, ಅವಳಾ?"

ಕೇಳದೇ ಇದ್ದವರಿಗೆ ಒಂದು ಮಾತು. ಒಂಬತ್ತು ರಾಕ್ ಹಾಡು, 34 ನಿಮಿಷ. ನನ್ನ ದನಿ, ಒಂದು ಅಕೌಸ್ಟಿಕ್ ಗಿಟಾರ್, ಅಷ್ಟೇ. ಇಬ್ಬರು ಸಿಕ್ಕಿ, ಒಟ್ಟಿಗೆ ಬಾಳಿ, ಬೇರೆಯಾದ ಕತೆ. ಆರನೇ ಹಾಡಿನಲ್ಲಿ ಒಬ್ಬರು ಮನೆ ಬಿಟ್ಟು ಹೊರಡುತ್ತಾರೆ. ಯಾರು ಅಂತ ಹಾಡು ಹೇಳುವುದಿಲ್ಲ. ಬೇಕಂತಲೇ ಹಾಗೆ ಇಟ್ಟಿದ್ದೇನೆ. ಆದರೆ ಮೊದಲು ಬರೆದಾಗ ಹಾಗಿರಲಿಲ್ಲ.

ಮೊದಲ ಕರಡಿನಲ್ಲಿ ಎಲ್ಲ ಹಾಡೂ ಅವಳ ಮೇಲೆಯೇ. ಅವಳು ಬಂದಳು, ನಕ್ಕಳು, ಮುನಿದಳು, ಹೋದಳು. ಸಾಲಿನ ಕೊನೆಗೆ ಕ್ರಿಯಾಪದ ಇಟ್ಟರೆ ಪ್ರಾಸ ತಾನಾಗಿ ಬಂದು ಕೂರುತ್ತದೆ. ಬರೆಯುವುದು ಎಷ್ಟು ಸಲೀಸಾಗಿತ್ತು ಅಂದರೆ ಮೂರು ವಾರದಲ್ಲಿ ಒಂಬತ್ತೂ ಮುಗಿದವು. ಫೋನಿನಲ್ಲಿ ಹಾಡಿಟ್ಟುಕೊಂಡು, ರಾತ್ರಿ ನಡೆಯುತ್ತಾ ಒಂದರ ಹಿಂದೆ ಒಂದು ಕೇಳಿದೆ. ಬಿಡಿಬಿಡಿಯಾಗಿ ಕೇಳಿದಾಗ ಪ್ರತಿ ಹಾಡೂ ಚೆನ್ನಾಗಿಯೇ ಇತ್ತು. ಸಾಲಾಗಿ ಕೇಳಿದಾಗ ಎದೆ ಧಸಕ್ ಅಂದಿತು. ಒಂಬತ್ತು ಹಾಡಿನಲ್ಲಿ ಅವಳು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅನ್ನುತ್ತೇವಲ್ಲ, ಇಲ್ಲಿ ಇದ್ದದ್ದು ನನ್ನ ಕೈ ಮಾತ್ರ.

ಹಾಡುಗಳನ್ನು ಒಂದೊಂದಾಗಿ ಬಿಡದೆ ಇಡೀ ಆಲ್ಬಮ್ ಮಾಡಬೇಕು ಅಂತ ಹಟ ಹಿಡಿದದ್ದೂ ಅವತ್ತಿನಿಂದಲೇ. ಒಂದೇ ಹಾಡು ಆಗಿದ್ದರೆ ಈ ತಪ್ಪು ನನಗೆ ಕಾಣುತ್ತಲೇ ಇರಲಿಲ್ಲ.

ಸರಿ, 'ಅವಳು' ತೆಗೆದು 'ನೀನು' ಹಾಕೋಣ ಅಂತ ಕೂತೆ. ದೂರುವುದರ ಬದಲು ಮಾತಾಡಿಸಿದ ಹಾಗಾದರೂ ಆಗಲಿ ಅಂತ. ಆರನೇ ಹಾಡಿನಲ್ಲಿ ಈ ಸಾಲಿತ್ತು: "ಚಿಲಕ ಮೆಲ್ಲಗೆ ಸರಿಸಿ ಹೊರಟಳು, ಬೆಳಗಾಗುವ ಮೊದಲೇ." ಅದನ್ನು "ಹೊರಟೆ" ಅಂತ ಮಾಡಿ ಹಾಡಿದೆ. "ಚಿಲಕ ಮೆಲ್ಲಗೆ ಸರಿಸಿ ಹೊರಟೆ, ಬೆಳಗಾಗುವ ಮೊದಲೇ." ಹಾಡಿ ಮುಗಿಸಿದವನು ಹಾಗೇ ಕೂತುಬಿಟ್ಟೆ. ಹೊರಟೆ ಅಂದರೆ ಯಾರು? ನೀನು ಹೊರಟೆ, ನಾನು ಹೊರಟೆ. ಎರಡಕ್ಕೂ ಅದೇ ಮಾತು. ನಡೆದುಹೋದದ್ದನ್ನು ಹೇಳುವಾಗ ನಮ್ಮ ಬರಹದ ಕನ್ನಡದಲ್ಲಿ ನಾನೂ ನೀನೂ ಒಂದೇ ರೂಪದಲ್ಲಿ ಸೇರಿಹೋಗುತ್ತೇವೆ. ಬಂದೆ, ನಕ್ಕೆ, ಮರೆತೆ. ಈಗ ನಡೆಯುವುದನ್ನು ಹೇಳಿದರೆ ಗುಟ್ಟು ನಿಲ್ಲುವುದಿಲ್ಲ. 'ಹೊರಡುತ್ತೇನೆ' ಅಂದರೆ ನಾನು, 'ಹೊರಡುತ್ತೀಯ' ಅಂದರೆ ನೀನು. ಹಾಗಾಗಿ ಆ ಹಾಡಿನ ಪ್ರತಿ ಸಾಲನ್ನೂ ಆಗಿಹೋದ ಮಾತಿಗೆ ತಿರುಗಿಸಿದೆ. 'ನಾನು', 'ನೀನು' ಎರಡನ್ನೂ ಅಳಿಸಿದೆ. ಚಿಕ್ಕಂದಿನಿಂದ ಆಡುವ ಭಾಷೆ, ಇದು ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾತು ಹೀಗೆ ಎರಡೂ ಕಡೆ ವಾಲುತ್ತಿರುವಾಗ ಗಿಟಾರ್ ಒಂದು ಕಡೆ ವಾಲಿದರೆ ಎಲ್ಲ ಕೆಡುತ್ತಿತ್ತು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೈನರ್ ಕಾರ್ಡ್ ನುಡಿಸಿದರೆ ಕೇಳುವವರು 'ಅಯ್ಯೋ ಪಾಪ' ಅನ್ನುತ್ತಾರೆ. ಮೇಜರ್ ನುಡಿಸಿದರೆ 'ಸದ್ಯ, ಬಿಡುಗಡೆ ಆಯಿತು' ಅನ್ನುತ್ತಾರೆ. ಅದಕ್ಕೇ ಡ್ಯಾಡ್‌ಗ್ಯಾಡ್ ಶ್ರುತಿಗೆ ಹೋದೆ. 1960ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಗಿಟಾರ್ ವಾದಕ ಡೇವಿ ಗ್ರಹಾಂ ಬಳಕೆಗೆ ತಂದ ಶ್ರುತಿ ಅದು. ಮಾಮೂಲಿ ಗಿಟಾರಿನ ಆರನೇ, ಎರಡನೇ, ಒಂದನೇ ತಂತಿಗಳನ್ನು ಒಂದೊಂದು ಸ್ವರ ಇಳಿಸಿದರೆ ಡಿ, ಎ, ಡಿ, ಜಿ, ಎ, ಡಿ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಮ, ಪ, ಸ. ಗ, ಅಂದರೆ ಗಾಂಧಾರವೇ ಇಲ್ಲ! ಸಾಧಾರಣ ಗಾಂಧಾರ ಬಂದರೆ ಮೈನರ್, ಅಂತರ ಗಾಂಧಾರ ಬಂದರೆ ಮೇಜರ್. ಎರಡೂ ಇಲ್ಲದೆ ಖಾಲಿ ತಂತಿಗಳ ಮೇಲೆ ಕೈ ಎಳೆದರೆ ದುಃಖವೋ ನೆಮ್ಮದಿಯೋ ಗೊತ್ತಾಗದ ಸದ್ದು ತೇಲುತ್ತದೆ. ಆರನೇ ಹಾಡಿನಲ್ಲಿ ಕೊನೆಯವರೆಗೂ ಗಾಂಧಾರ ಮುಟ್ಟಿಲ್ಲ. ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಅದನ್ನು ತಡೆಯುವುದನ್ನೇ ಎರಡು ತಿಂಗಳು ಅಭ್ಯಾಸ ಮಾಡಿದೆ.

ಬ್ಯಾಂಡ್ ಯಾಕೆ ಇಲ್ಲ ಅಂತಲೂ ಕೇಳುತ್ತಾರೆ. ಮಾಡಿ ನೋಡಿದೆವು. ಇಬ್ಬರು ಗೆಳೆಯರು ಬೇಸ್, ಡ್ರಮ್ಸ್ ಹಿಡಿದು ಬಂದರು, ಚೆನ್ನಾಗಿಯೇ ನುಡಿಸಿದರು. ಆದರೆ ಡ್ರಮ್ಸ್ ಸೇರಿದ ಕೂಡಲೇ ಹಾಡಿಗೆ ಸಿಟ್ಟು ಜಾಸ್ತಿ ಆಯಿತು. ಸಿಟ್ಟು ಬಂತು ಅಂದರೆ ಯಾರದೋ ತಪ್ಪು ಅಂತ ತೀರ್ಪು ಬಂದ ಹಾಗೆಯೇ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತಂದ 'ನೆಬ್ರಾಸ್ಕಾ' ಆಲ್ಬಮ್ ನನಗೆ ಆಗ ಧೈರ್ಯ ಕೊಟ್ಟಿತು. ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಬ್ಯಾಂಡ್ ಇಲ್ಲದೆ ಒಬ್ಬನೇ ಹಾಡಿ, ನುಡಿಸಿಟ್ಟ ಮಾದರಿಗಳು ಅವು. ಬ್ಯಾಂಡ್ ಜೊತೆ ನುಡಿಸಿದಾಗ ಆ ಕಳೆ ಬರಲಿಲ್ಲ, ಕೊನೆಗೆ ಆ ಕ್ಯಾಸೆಟ್ಟನ್ನೇ ಆಲ್ಬಮ್ ಆಗಿ ತಂದರು. ಡ್ರಮ್ಸ್ ಇಲ್ಲದೆ ರಾಕ್ ಹೇಗೆ ಅನ್ನುವವರಿಗೆ ಉತ್ತರ ಬಲಗೈಯಲ್ಲಿದೆ. ಅಂಗೈ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿ ಹೊಡೆದು ನೋಡಿ, ಡ್ರಮ್ಸಿನ ಹಾಗೆ ಗುದ್ದುತ್ತದೆ, ಅಷ್ಟು ಸಾಕು.

ರೆಕಾರ್ಡಿಂಗಿಗೆ ಒಂದೇ ಮೈಕ್, ದನಿ ಮತ್ತು ಗಿಟಾರ್ ಎರಡೂ ಒಟ್ಟಿಗೆ. ಮೈಕನ್ನು ಗಿಟಾರಿನ ತೂತಿನ ಎದುರು ಇಟ್ಟರೆ ಬುಮ್ ಬುಮ್ ಅನ್ನುತ್ತದೆ. ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಲ್ಲಿ ಹನ್ನೆರಡನೆಯದರ, ಅಂದರೆ ಹನ್ನೆರಡನೇ ಫ್ರೆಟ್‌ನ ಹತ್ತಿರ ಇಟ್ಟು, ಬಾಯಿಯೂ ತಲುಪುವ ಹಾಗೆ ಸ್ವಲ್ಪ ಮೇಲಕ್ಕೆತ್ತಿದೆ. ಹೀಗೆ ಮಾಡಿದರೆ ಆಮೇಲೆ ಒಂದು ಪದವನ್ನೂ ತಿದ್ದಲು ಆಗುವುದಿಲ್ಲ. ದನಿಯಲ್ಲಿ ಗಿಟಾರ್ ಇರುತ್ತದೆ, ಗಿಟಾರಿನಲ್ಲಿ ದನಿ ಇರುತ್ತದೆ. ತಪ್ಪಿದರೆ ಮೊದಲಿಂದ ಹಾಡಬೇಕು. ಆಡಿದ ಮಾತನ್ನು ತಿದ್ದಲು ಆಗದ ಹಾಗೆಯೇ ಇರಲಿ ಅನ್ನಿಸಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಬೆಳಗ್ಗೆ ಚಿಲಕ ಸರಿಸಿದ್ದು ಅವಳು. ನನಗೆ ಎಚ್ಚರ ಇತ್ತು, ಏಳಲಿಲ್ಲ. ಆದರೆ ಅದಕ್ಕೂ ಒಂದು ವರ್ಷ ಹಿಂದಿನಿಂದ, ಅವಳು ಏನಾದರೂ ಹೇಳಲು ಬಂದು ಮಂಚದ ಅಂಚಿನಲ್ಲಿ ಕೂತರೆ, ನಾನು ಗಿಟಾರನ್ನು ಕೆಳಗಿಡುತ್ತಿರಲಿಲ್ಲ. ಸದ್ದು ಕಡಿಮೆ ಮಾಡಿ, ತಂತಿ ಮೀಟುತ್ತಲೇ "ಹೇಳು, ಕೇಳ್ತಿದ್ದೀನಿ" ಅನ್ನುತ್ತಿದ್ದೆ. ಅವಳು ನನ್ನ ಬೆರಳುಗಳನ್ನು ನೋಡುತ್ತಾ ಹೇಳುತ್ತಿದ್ದಳು. ಕೊನೆಕೊನೆಗೆ ಹೇಳುವುದನ್ನು ಬಿಟ್ಟಳು. ಅದೂ ಹೊರಡುವುದೇ ಅಲ್ವಾ? ನಾನು ಅವಳಿಗಿಂತ ಎಷ್ಟೋ ಮೊದಲು ಹೊರಟಿದ್ದೆ, ಕೂತಲ್ಲೇ.

"ಹೇಳು, ಕೇಳ್ತಿದ್ದೀನಿ" ಅನ್ನುವುದೇ ಮೂರನೇ ಹಾಡಿನ ಪಲ್ಲವಿ. ಅಲ್ಲಿ ಅದು ಪ್ರೀತಿಯ ಮಾತಿನ ಹಾಗೆ ಕೇಳಿಸುತ್ತದೆ, ಕೆಳಗೆ ಗಿಟಾರ್ ಸುಮ್ನೆ ಮಿಡಿಯುತ್ತಿರುತ್ತದೆ. ಎಂಟನೇ ಹಾಡಿನಲ್ಲಿ ಅದೇ ಸಾಲು ಮತ್ತೆ ಬರುತ್ತದೆ, ಈ ಸಲ ಗಿಟಾರ್ ಇಲ್ಲದೆ. ಹಾಡುಗಳನ್ನು ಹಿಂದೆ ಮುಂದೆ ಮಾಡಿ ಕೇಳಬೇಡಿ ಅಂತ ನಾನು ಬೇಡಿಕೊಳ್ಳುವುದು ಈ ಎರಡು ಹಾಡಿಗಾಗಿ.

ಎಲ್ಲ ಮುಗಿದ ಮೇಲೆ, ಹೊರಗೆ ಬಿಡುವ ಮೊದಲು, ಅವಳಿಗೆ ಕಳಿಸಿದೆ. ಬೇಡ ಅಂದರೆ ಹೊರಗೆ ಬಿಡುವುದಿಲ್ಲ ಅಂತಲೂ ಬರೆದಿದ್ದೆ. ಹನ್ನೊಂದು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಮಾಡಿದಳು. ಒಂಬತ್ತನೇ ಹಾಡಿನಲ್ಲಿ ಅವಳ ಪತ್ರದ ಎರಡು ಸಾಲುಗಳನ್ನು ಇದ್ದ ಹಾಗೇ ಹಾಡಿದ್ದೆ. ಕೊನೆಗಾದರೂ ಅವಳ ಮಾತು ಕೇಳಿಸಲಿ ಅಂತ ಹಾಗೆ ಮಾಡಿದ್ದೆ. ಅವಳು ಅಂದಳು, "ಅದು ನಿನಗೆ ಬರೆದದ್ದು. ಎಲ್ಲರಿಗೂ ಅಲ್ಲ." ಬೇರೆ ಯಾವುದಕ್ಕೂ ತಕರಾರು ತೆಗೆಯಲಿಲ್ಲ.

ಹಾಡನ್ನು ಮೊದಲಿಂದ ಮತ್ತೆ ಹಾಡಿದೆ. ಆ ಎರಡು ಸಾಲಿನ ಜಾಗಕ್ಕೆ ಬೇರೆ ಮಾತು ಬರೆಯಲಿಲ್ಲ. ಅಲ್ಲಿ ಗಿಟಾರ್ ಮಾತ್ರ ನಡೆಯುತ್ತದೆ. ಸಾಲು ಮರೆತುಹೋಯಿತಾ ಅಂತ ಕೆಲವರು ಕೇಳಿದ್ದಾರೆ. ಇಲ್ಲ, ನನಗೆ ಅವು ಬಾಯಿಪಾಠ. ಗಮನವಿಟ್ಟು ಕೇಳಿದರೆ ಸಾಲು ಶುರುವಾಗಬೇಕಾದ ಕಡೆ ನಾನು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ.