ಕಲ್ಚರ್ ವರದಿಗೆ ಮೂರು ದಿನ ಏಕೆ ಬೇಕು?

ಆಸ್ಪತ್ರೆಯೊಂದರ ಸೂಕ್ಷ್ಮಾಣುಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನನ್ನು ರೋಗಿಗಳ ಮನೆಯವರೂ ನೆಂಟರಿಷ್ಟರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಸಕ್ಕರೆ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಎಂಬುದು ಮಧ್ಯಾಹ್ನದೊಳಗೆ ತಿಳಿಯುತ್ತದೆ, ಕಲ್ಚರ್ ವರದಿಗೆ ಮಾತ್ರ ಮೂರು ದಿನ ಏಕೆ? ಈಚೆಗೆ ವರದಿ ಕೊಡುವ ಕಿಟಕಿಯ ಬಳಿ, ಮಗಳ ಜ್ವರ ಇಳಿಯದೆ ಕಂಗಾಲಾಗಿ ನಿಂತಿದ್ದ ತಂದೆಯೊಬ್ಬರು, "ಮೇಡಂ, ಹೆಚ್ಚು ದುಡ್ಡು ಕಟ್ಟಿದರೆ ಬೇಗ ಆಗುತ್ತದೆಯೇ?" ಎಂದು ಕೇಳಿದರು. ನಿಂತ ನಿಲುವಿನಲ್ಲಿ ಅವರಿಗೆ ಕೊಟ್ಟ ಉತ್ತರ ಸಾಲದು ಎನಿಸಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸಕ್ಕರೆ ರಕ್ತದಲ್ಲಿ ಆಗಲೇ ಇರುತ್ತದೆ, ಯಂತ್ರ ಅದನ್ನು ಅಳೆದು ಹೇಳುತ್ತದೆ. ಕಲ್ಚರ್‌ನಲ್ಲಿ ನಾವು ಮೊದಲು ಬ್ಯಾಕ್ಟೀರಿಯಾವನ್ನು ಬೆಳೆಸಬೇಕು. ಹೆಪ್ಪು ಹಾಕಿದ ಹಾಲು ಎಷ್ಟು ಅವಸರಪಡಿಸಿದರೂ ಅರ್ಧ ಗಂಟೆಯಲ್ಲಿ ಮೊಸರಾಗುವುದಿಲ್ಲ. ಅಲ್ಲಿ ನಡೆಯುವುದೂ ಬ್ಯಾಕ್ಟೀರಿಯಾದ ಬೆಳವಣಿಗೆಯೇ.

ಮೂತ್ರದ ಸೋಂಕನ್ನೇ ತೆಗೆದುಕೊಳ್ಳೋಣ. ಮಿಲಿಲೀಟರಿನ ಸಾವಿರದ ಒಂದು ಭಾಗದಷ್ಟು ಮೂತ್ರವನ್ನು ಹಿಡಿಯುವ ಸಣ್ಣ ತಂತಿಯ ಕುಣಿಕೆಯಿಂದ ಮಾದರಿಯನ್ನು ತೆಗೆದು, ಪೋಷಕಾಂಶ ಬೆರೆಸಿದ ಅಗರ್ ತಟ್ಟೆಯ ಮೇಲೆ ಗೆರೆ ಎಳೆದಂತೆ ಸವರಿ, 37 ಡಿಗ್ರಿ ಸೆಲ್ಸಿಯಸ್ ಶಾಖದ ಇನ್‌ಕ್ಯುಬೇಟರಿನೊಳಗೆ ಇಡುತ್ತೇವೆ. ಈ ಅಗರ್ ನಮ್ಮ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಎಂದು ಕರೆಯುವ, ಕಡಲ ಪಾಚಿಯಿಂದ ತೆಗೆದ ಪದಾರ್ಥವೇ. 1881ರ ಸುಮಾರಿಗೆ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಜೆಲಟಿನ್ ತಟ್ಟೆಗಳು ದೇಹದ ಶಾಖಕ್ಕೆ ಕರಗಿ ಹೋಗುತ್ತಿದ್ದಾಗ, ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಯ ಅನುಭವದಿಂದ ಅಗರ್ ಬಳಸುವಂತೆ ಸೂಚಿಸಿದರು. ತಟ್ಟೆಗೆ ಅದನ್ನು ರೂಪಿಸಿದ ಪೆಟ್ರಿಯ ಹೆಸರು ಉಳಿಯಿತು, ಆಕೆಯ ಹೆಸರನ್ನು ಕೇಳಿದವರು ಕಡಿಮೆ. ನನಗೆ ಇದು ಇಂದಿಗೂ ನೋವಿನ ಸಂಗತಿ.

ಮೂತ್ರದ ಸೋಂಕಿಗೆ ಬಹಳಷ್ಟು ಸಲ ಕಾರಣವಾಗುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಅನುಕೂಲಕರ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅದೇ ವೇಗ ಉಳಿದರೆ ಒಂದು ಜೀವಕೋಶ ಎಂಟು ಗಂಟೆಗಳಲ್ಲಿ 1,67,77,216 ಆಗುತ್ತದೆ. ಕೋಟಿಗಟ್ಟಲೆ ಜೀವಕೋಶಗಳು ಒಂದೆಡೆ ಗುಂಪುಗೂಡಿದಾಗಲೇ ಬರಿಗಣ್ಣಿಗೆ ಕಾಣುವ ಒಂದು ಚುಕ್ಕೆ ಮೂಡುತ್ತದೆ. ಹೀಗಾಗಿ ಮೊದಲ ರಾತ್ರಿ ಬೆಳವಣಿಗೆಗೇ ಮೀಸಲು. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದಾಗ ಮ್ಯಾಕಾಂಕಿ ಎಂಬ ಬಗೆಯ ಅಗರ್ ಮೇಲೆ ಗುಲಾಬಿ ಬಣ್ಣದ, ಉಬ್ಬಿದ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಅವು ನೂರಿದ್ದರೆ ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷ ಬ್ಯಾಕ್ಟೀರಿಯಾ ಇವೆ ಎಂದು ಅರ್ಥ.

ಇಷ್ಟಾದರೂ ಯಾವ ಔಷಧಿ ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಆ ಚುಕ್ಕೆಗಳಿಂದ ನಿಗದಿತ ಸಾಂದ್ರತೆಯ ದ್ರಾವಣ ಮಾಡಿ, ಹತ್ತಿಯ ಕಡ್ಡಿಯಿಂದ ಮತ್ತೊಂದು ತಟ್ಟೆಯ ಮೇಲೆಲ್ಲ ಹರಡಿ, ಒಂದೊಂದು ಆಂಟಿಬಯಾಟಿಕ್ ಹೀರಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, ಮತ್ತೆ 16ರಿಂದ 18 ಗಂಟೆ ಕಾಯುತ್ತೇವೆ. ಮೂರನೆಯ ದಿನ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಕೆಲಸ ಮಾಡುವ ಔಷಧಿಯ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಇರುತ್ತದೆ. ಕೆಲಸಕ್ಕೆ ಬಾರದ ಔಷಧಿಯ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿರುತ್ತದೆ. ವೃತ್ತದ ಅಗಲವನ್ನು ಸ್ಕೇಲ್ ಹಿಡಿದು ಅಳೆಯುತ್ತೇವೆ. ಇ. ಕೊಲೈ ವಿಷಯದಲ್ಲಿ ಸೆಫ್‌ಟ್ರಯಾಕ್ಸೋನ್ ಬಿಲ್ಲೆಯ ವೃತ್ತ, ನಾವು ಅನುಸರಿಸುವ ಅಮೆರಿಕದ ಮಾನದಂಡದಂತೆ, 23 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಔಷಧಿ ಸಲ್ಲುತ್ತದೆ, 19 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಲ್ಲುವುದಿಲ್ಲ. ವರದಿಯಲ್ಲಿ ನೀವು ಕಾಣುವ ಎಸ್ (ಸಲ್ಲುತ್ತದೆ) ಮತ್ತು ಆರ್ (ಸಲ್ಲುವುದಿಲ್ಲ) ಅಕ್ಷರಗಳ ಹಿಂದಿರುವುದು ಈ ಅಳತೆ.

ರಕ್ತದ ಕಲ್ಚರ್ ಇನ್ನೂ ಕಷ್ಟದ್ದು. ರಕ್ತಕ್ಕೆ ಸೋಂಕು ತಗುಲಿದ ವಯಸ್ಕರಲ್ಲಿಯೂ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೆರಡೇ ಬ್ಯಾಕ್ಟೀರಿಯಾ ಇರುವುದುಂಟು. ಅದಕ್ಕಾಗಿಯೇ ಒಂದೊಂದು ಬಾಟಲಿಗೂ 8ರಿಂದ 10 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. "ಇಷ್ಟೊಂದು ರಕ್ತ ಏಕೆ" ಎಂದು ಬೇಸರಪಡುವವರಿಗೆ ನನ್ನ ವಿನಂತಿ: ಕಡಿಮೆ ರಕ್ತ ಕೊಟ್ಟರೆ ಬ್ಯಾಕ್ಟೀರಿಯಾ ಕೈತಪ್ಪಿ ಹೋಗುವ ಸಾಧ್ಯತೆ ಹೆಚ್ಚುತ್ತದೆ. ಬಾಟಲಿಗಳನ್ನು ಯಂತ್ರ ಸಾಮಾನ್ಯವಾಗಿ ಐದು ದಿನ ಗಮನಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಇಮ್ಮಡಿಯಾಗಲು 15ರಿಂದ 20 ಗಂಟೆ ತೆಗೆದುಕೊಳ್ಳುವುದರಿಂದ ಅದರ ಕಲ್ಚರ್‌ಗೆ ವಾರಗಳೇ ಬೇಕಾಗುತ್ತವೆ.

ಬೇಗ ಹೇಳುವ ಯಂತ್ರಗಳಿಲ್ಲವೇ ಎಂದರೆ, ಇವೆ. ಬೆಳೆದ ಚುಕ್ಕೆಯನ್ನು ಕೊಟ್ಟರೆ ಬ್ಯಾಕ್ಟೀರಿಯಾದ ಹೆಸರನ್ನು ನಿಮಿಷಗಳಲ್ಲಿ ಹೇಳುವ ಮಾಲ್ಡಿ-ಟಾಫ್ ದೊಡ್ಡ ಪ್ರಯೋಗಾಲಯಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಕ್ಷಯವನ್ನೂ ಅದರ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬ್ಯಾಕ್ಟೀರಿಯಾ ಬಗ್ಗದಿರುವ ನಿರೋಧಕತೆಯನ್ನೂ ಸುಮಾರು ಎರಡು ಗಂಟೆಗಳಲ್ಲಿ ಪತ್ತೆ ಮಾಡುತ್ತದೆ. ಆದರೆ ಇಂಥ ಪರೀಕ್ಷೆ ತನಗೆ ಗೊತ್ತಿರುವ ಜೀನ್ ಬದಲಾವಣೆಗಳನ್ನಷ್ಟೇ ಹುಡುಕುತ್ತದೆ. ಹತ್ತಾರು ಔಷಧಿಗಳನ್ನು ಎದುರಿಗಿಟ್ಟು ಯಾವುದಕ್ಕೆ ಸಾಯುತ್ತದೆ ಎಂದು ನೋಡಲು ಬ್ಯಾಕ್ಟೀರಿಯಾ ಬೆಳೆದೇ ತೀರಬೇಕು. ಇನ್ನು ಟೈಫಾಯ್ಡ್‌ಗೆ ಅದೇ ದಿನ ವರದಿ ಸಿಗುವ ವಿಡಾಲ್ ಪರೀಕ್ಷೆಯನ್ನು ಜನ ಬಹಳ ನಂಬುತ್ತಾರೆ. 1896ರಲ್ಲಿ ಪ್ರಕಟವಾದ ಆ ವಿಧಾನ ಸೋಂಕಿನ ವಿರುದ್ಧ ದೇಹ ತಯಾರಿಸಿ ರಕ್ತದಲ್ಲಿ ಉಳಿಸಿದ ಪ್ರತಿಕಾಯಗಳನ್ನು ನೋಡುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ಆಗಬಹುದು. ಒಂದೇ ಸಲದ ವಿಡಾಲ್ ನೋಡಿ ಔಷಧಿ ಶುರು ಮಾಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವರದಿ ಬರುವವರೆಗೆ ರೋಗಿ ಔಷಧಿಯಿಲ್ಲದೆ ಕಾಯಬೇಕಿಲ್ಲ. ಮಾದರಿ ತೆಗೆದ ಕೂಡಲೇ ವೈದ್ಯರು ಲಕ್ಷಣಗಳನ್ನೂ ಆ ಊರಿನಲ್ಲಿ ಹೆಚ್ಚಾಗಿ ಕಾಣುವ ಬ್ಯಾಕ್ಟೀರಿಯಾಗಳನ್ನೂ ಗಮನಿಸಿ ಚಿಕಿತ್ಸೆ ಆರಂಭಿಸುತ್ತಾರೆ, ವರದಿ ಬಂದ ಮೇಲೆ ಅದನ್ನು ಬದಲಿಸುತ್ತಾರೆ ಅಥವಾ ಮುಂದುವರಿಸುತ್ತಾರೆ. ತೊಂದರೆಯಾಗುವುದು ಈ ಕ್ರಮ ತಿರುಗುಮುರುಗಾದಾಗ. ಅಂಗಡಿಯಿಂದ ತಂದ ಮಾತ್ರೆಯನ್ನು ಎರಡು ದಿನ ನುಂಗಿ, ಉರಿ ಕಡಿಮೆಯಾಗದೆ ಬಂದ ಮಹಿಳೆಯೊಬ್ಬರ ಮೂತ್ರದ ತಟ್ಟೆಯಲ್ಲಿ ನನಗೆ ಏನೂ ಸಿಗಲಿಲ್ಲ. ಮಾತ್ರೆ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಂದಿರಲಿಲ್ಲ, ತಟ್ಟೆಯಲ್ಲಿ ಬೆಳೆಯದಷ್ಟು ಕುಗ್ಗಿಸಿತ್ತು. ಮಾತ್ರೆ ನಿಲ್ಲಿಸಿ, ಕೆಲವು ದಿನಗಳ ನಂತರ ಕೊಟ್ಟ ಎರಡನೆಯ ಮಾದರಿಯಲ್ಲಿ ಇ. ಕೊಲೈ ಬೆಳೆಯಿತು, ಅವರು ನುಂಗಿದ ಔಷಧಿಗೆ ಅದು ನಿರೋಧಕವಾಗಿತ್ತು. ಮೊದಲ ಮಾತ್ರೆಗೆ ಮುಂಚೆಯೇ ಮಾದರಿ ಕೊಟ್ಟಿದ್ದರೆ ಆ ಹತ್ತು ದಿನಗಳ ನೋವು ತಪ್ಪುತ್ತಿತ್ತು.

ಕಿಟಕಿಯ ಬಳಿ ನಿಂತಿದ್ದ ಆ ತಂದೆಯ ಮಗಳ ಬಾಟಲಿ ಎರಡನೆಯ ದಿನ ಬೆಳಿಗ್ಗೆ ಬೆಳವಣಿಗೆಯ ಸೂಚನೆ ಕೊಟ್ಟಿತು. ಬ್ಯಾಕ್ಟೀರಿಯಾ ಕಾಣಲು ಬಳಸುವ ಗ್ರಾಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಕಂಡವು. ಇಂಥ ಸುದ್ದಿಗೆ ನಾವು ಅಂತಿಮ ವರದಿಯವರೆಗೆ ಕಾಯುವುದಿಲ್ಲ, ಆ ಕ್ಷಣವೇ ವಾರ್ಡಿನ ವೈದ್ಯರಿಗೆ ಫೋನ್ ಮಾಡಿದೆ. ನಾಲ್ಕನೆಯ ದಿನದ ವರದಿಯಲ್ಲಿ ಸಾಲ್ಮೊನೆಲ್ಲಾ ಟೈಫಿ, ಅಂದರೆ ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ, ಎಂದಿತ್ತು. ಸಿಪ್ರೊಫ್ಲಾಕ್ಸಸಿನ್‌ಗೆ ಆರ್, ಸೆಫ್‌ಟ್ರಯಾಕ್ಸೋನ್‌ಗೆ ಎಸ್. ವರದಿಯನ್ನು ಮಡಚಿ ಜೇಬಿಗಿಡುತ್ತ ಅವರು, "ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಇದನ್ನೇ ತೋರಿಸಿ ಔಷಧಿ ತರಬಹುದಲ್ಲವೇ?" ಎಂದರು. ಬೇಡ ಎಂದೆ. ಮುಂದಿನ ಜ್ವರಕ್ಕೆ ಕಾರಣ ಬೇರೆಯೇ ಇರಬಹುದು, ವೈರಸ್ಸೂ ಆಗಿರಬಹುದು, ಆಗ ಮತ್ತೆ ರಕ್ತ ಕೊಡಬೇಕು, ಮತ್ತೆ ಮೂರು ನಾಲ್ಕು ದಿನ ಕಾಯಬೇಕು ಎಂದು ವಿವರಿಸಿದೆ. ಈ ಸಲ ಅವರು ಏಕೆ ಎಂದು ಕೇಳಲಿಲ್ಲ.